ಬೇಧಿ ಕಡಿಮೆಯಾದರೂ ಸಂಜೆ ಜ್ವರ ಬಿಡುತ್ತಿಲ್ಲ, ತಮ್ಮನಿಗೆ ಇಂದು 9ನೇ ದಿನ. ದಯವಿಟ್ಟು ಗೊತ್ತಿದ್ದವರು ಹೇಳಿ

ದಾವಣಗೆರೆ ಅಕ್ಕ | ಫೆಬ್ರವರಿ 13, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 24 ವರ್ಷ. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ಇದ್ದಾನೆ. ಫೆಬ್ರವರಿ 5ಕ್ಕೆ ಮೈ ಬಿಸಿ ಶುರುವಾಯಿತು. ಎರಡು ದಿನ ಬಿಟ್ಟು ಬೇಧಿ. ದಿನಕ್ಕೆ ಐದಾರು ಸಲ, ನೀರು ನೀರಾಗಿ. ರಕ್ತ ಇಲ್ಲ. ಪಿಜಿ ಪಕ್ಕದ ಮೆಡಿಕಲ್‌ನಲ್ಲಿ ಕೇಳಿ ಸಿಪ್ರೋಫ್ಲಾಕ್ಸಾಸಿನ್ ಮತ್ತು ಟಿನಿಡಜೋಲ್ ಸೇರಿದ ಮಾತ್ರೆ ಮೂರು ದಿನ ನುಂಗಿದ್ದಾನೆ. ಬೇಧಿ ಅರ್ಧಕ್ಕೆ ಇಳಿಯಿತು. ಜ್ವರ ಮಾತ್ರ ಬಿಡಲಿಲ್ಲ.

ಆಮೇಲೆ ಒಂದು ಕ್ಲಿನಿಕ್‌ಗೆ ಹೋದ. ಗ್ಲೂಕೋಸ್ ಏರಿಸಿ, ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ನಾಲ್ಕು ಗಂಟೆ ಆರಾಮ, ಸಂಜೆಗೆ ಮತ್ತೆ ಜ್ವರ. ವಿಡಾಲ್ ಪರೀಕ್ಷೆ ಮಾಡಿಸಿದ್ದಾರೆ. 'ಓ' ಮತ್ತು 'ಎಚ್' ಎರಡರ ಮುಂದೆಯೂ 1:80 ಎಂದಿದೆ. ಅದನ್ನು ನೋಡಿ ಟೈಫಾಯ್ಡ್ ಇರಬಹುದು, ಇಲ್ಲದೆಯೂ ಇರಬಹುದು ಅಂದರಂತೆ. ಡೆಂಗ್ಯೂ ನೆಗೆಟಿವ್.

ನಿನ್ನೆ ರಾತ್ರಿ ರೈಲಿಗೆ ಊರಿಗೆ ಕರೆಸಿಕೊಂಡೆವು. ತುಂಬಾ ಸೊರಗಿದ್ದಾನೆ. ಬೆಳಿಗ್ಗೆ ಪರವಾಗಿಲ್ಲ ಅನ್ನುತ್ತಾನೆ, ಸಂಜೆ ಐದಾದರೆ ಕಂಬಳಿ ಹೊದ್ದು ಮಲಗುತ್ತಾನೆ. ಅಮ್ಮ ಅನ್ನ ಕೊಡಬೇಡ ಅಂತ ಬರೀ ಗಂಜಿ ತಿಳಿ ಕೊಡುತ್ತಿದ್ದಾರೆ. ನನಗೆ ಭಯ ಆಗ್ತಿದೆ. ಏನಿರಬಹುದು?

ಲ್ಯಾಬ್ ಕೆಲಸದವ | ರಾತ್ರಿ 8:58

ಮೇಡಂ, ನಾನು 22 ವರ್ಷದಿಂದ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ವಿಡಾಲ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಈ ಒಂದು ಚೀಟಿಯಿಂದಲೇ ಎಷ್ಟೋ ಮನೆಯವರು ದಾರಿ ತಪ್ಪುತ್ತಾರೆ.

ವಿಡಾಲ್ ಕ್ರಿಮಿಯನ್ನು ಹುಡುಕುವುದಿಲ್ಲ. ಆ ಕ್ರಿಮಿಯ ವಿರುದ್ಧ ನಮ್ಮ ರಕ್ತ ಮಾಡಿಕೊಂಡ ಪ್ರತಿಕಾಯಗಳನ್ನು ಅಳೆಯುತ್ತದೆ. ಅವು ಸಾಕಷ್ಟು ಹುಟ್ಟಲು ಒಂದು ವಾರ ಬೇಕು. ಹಾಗಾಗಿ ಮೊದಲ ವಾರ ನಿಜವಾದ ಟೈಫಾಯ್ಡ್ ಇದ್ದರೂ ನೆಗೆಟಿವ್ ಬರಬಹುದು. ಇನ್ನೊಂದು ಕಡೆ, ಹಿಂದೆ ಯಾವಾಗಲೋ ಸೋಂಕು ತಗುಲಿದ್ದರೆ, ಲಸಿಕೆ ಹಾಕಿಸಿದ್ದರೆ, ಬೇರೆ ಜ್ವರ ಇದ್ದರೂ ಪಾಸಿಟಿವ್ ಬರಬಹುದು. ನಮ್ಮ ಕಡೆ ಆರೋಗ್ಯವಾಗಿರುವವರಲ್ಲೂ 1:80 ಕಾಣುತ್ತದೆ. ಆ ಒಂದು ಅಂಕಿಯಿಂದ ಹೌದು ಅಂತಲೂ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು.

ಬೇಕಾಗಿರುವುದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಕ್ರಿಮಿಯನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂ.ಎಲ್. ರಕ್ತ ಬೇಕು. ಕೆಲವರು ಅಷ್ಟೊಂದು ರಕ್ತ ಯಾಕೆ ಅಂತ ಜಗಳ ಮಾಡುತ್ತಾರೆ. ರಕ್ತ ಕಡಿಮೆಯಾದರೆ ಕ್ರಿಮಿ ಸಿಗುವುದೂ ಕಡಿಮೆ. ಸರಿಯಾಗಿ ಮಾಡಿದರೂ ಟೈಫಾಯ್ಡ್ ಇರುವ ಹತ್ತು ಜನರಲ್ಲಿ ಸುಮಾರು ಆರು ಜನರಲ್ಲಿ ಮಾತ್ರ ಕ್ರಿಮಿ ಬೆಳೆಯುತ್ತದೆ. ಮೊದಲೇ ಆಂಟಿಬಯೋಟಿಕ್ ನುಂಗಿದ್ದರೆ ಇನ್ನೂ ಕಷ್ಟ. ಅದಕ್ಕೇ ಹೇಳುವುದು, ಮುಂದಿನ ಆಂಟಿಬಯೋಟಿಕ್ ಶುರುವಾಗುವ ಮೊದಲೇ ರಕ್ತ ಕೊಡಿ.

ಒಂದು ಪ್ರಶ್ನೆ. ಸಿ.ಬಿ.ಸಿ., ಅಂದರೆ ರಕ್ತಕಣಗಳ ಎಣಿಕೆ ಮಾಡಿಸಿದ್ದರೆ ಅದರಲ್ಲಿ ಈಸಿನೋಫಿಲ್ ಅನ್ನುವ ಬಿಳಿಕಣ ಎಷ್ಟಿದೆ ನೋಡಿ. ಇನ್ನೊಂದು, ಜ್ವರದ ಲೆಕ್ಕ ಬರೆದಿದ್ದೀರಾ? ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಡಿಗ್ರಿ?

ದಾವಣಗೆರೆ ಅಕ್ಕ | ರಾತ್ರಿ 9:15

ಬರೆದಿಲ್ಲ ಸರ್. ಸಿ.ಬಿ.ಸಿ.ಯಲ್ಲಿ ಬಿಳಿ ರಕ್ತಕಣ 4,300, ಪ್ಲೇಟ್‌ಲೆಟ್ 1.4 ಲಕ್ಷ, ಈಸಿನೋಫಿಲ್ 0 ಅಂತ ಇದೆ.

ಲ್ಯಾಬ್ ಕೆಲಸದವ | ರಾತ್ರಿ 9:19

ಈಸಿನೋಫಿಲ್ ಸೊನ್ನೆ ಆಗಿರುವುದು, ಬಿಳಿಕಣ ಏರದೇ ಇರುವುದು, ಎರಡೂ ಟೈಫಾಯ್ಡ್‌ನಲ್ಲಿ ನಾವು ಆಗಾಗ ನೋಡುವಂಥವು. ಅದೊಂದರಿಂದ ತೀರ್ಮಾನ ಆಗುವುದಿಲ್ಲ. ಆದರೆ ಡಾಕ್ಟರ್‌ಗೆ ತಪ್ಪದೆ ತೋರಿಸಿ.

ಹಿತ್ತಲ ಗಿಡ | ರಾತ್ರಿ 9:24

ದಾಳಿಂಬೆ ಸಿಪ್ಪೆ ಒಣಗಿಸಿ ಕಷಾಯ ಮಾಡಿ ಕೊಡಿ. ಮಜ್ಜಿಗೆಗೆ ಹುರಿದ ಮೆಂತ್ಯದ ಪುಡಿ ಹಾಕಿ ಕುಡಿಸಿ. ನಮ್ಮ ಅಜ್ಜಿ ಇದರಲ್ಲೇ ಎಲ್ಲರ ಹೊಟ್ಟೆ ಸರಿ ಮಾಡುತ್ತಿದ್ದರು. ಲಂಘನಂ ಪರಮೌಷಧಂ ಅಂತಾರಲ್ಲ, ಎರಡು ದಿನ ಹೊಟ್ಟೆ ಖಾಲಿ ಬಿಡಿ.

ತೀರ್ಥಹಳ್ಳಿ ಸಿಸ್ಟರ್ | ರಾತ್ರಿ 9:37

ಅಣ್ಣಾ, ಮದುವೆ ಊಟ ಉಂಡು ಒಂದು ದಿನ ಹೊಟ್ಟೆ ಕೆಟ್ಟರೆ ನಾವೂ ಮೆಂತ್ಯದ ಮಜ್ಜಿಗೆ ಕುಡಿಯುತ್ತೇವೆ. ಇದು 9 ದಿನದ ಜ್ವರ. ಕರುಳಿನ ಗೋಡೆಯಲ್ಲೇ ಹುಣ್ಣು ಆಗಿರಬಹುದು. ಲಂಘನ ಇಲ್ಲಿ ಬೇಡವೇ ಬೇಡ. ಹುಡುಗನಿಗೆ ಶಕ್ತಿ ಬೇಕು.

ಅಕ್ಕಾ, ನಾನು ಸ್ಟಾಫ್ ನರ್ಸ್. ಒಂದು ಕೇಳಬೇಕು. ತಮ್ಮ ಕಳೆದ ಒಂದು ತಿಂಗಳಲ್ಲಿ ಎಲ್ಲಾದರೂ ಹೋಗಿದ್ದನಾ? ಕಾಡು, ಹೊಳೆ, ತೋಟ, ಗದ್ದೆ?

ದಾವಣಗೆರೆ ಅಕ್ಕ | ರಾತ್ರಿ 9:52

ಹೋಗಿದ್ದ! ಸಂಕ್ರಾಂತಿ ರಜೆಗೆ ಗೆಳೆಯರ ಜೊತೆ ಆಗುಂಬೆ ಕಡೆ. ಹೋಂಸ್ಟೇನಲ್ಲಿ ಎರಡು ರಾತ್ರಿ. ಹಳ್ಳದಲ್ಲಿ ಸ್ನಾನ ಮಾಡಿದ್ದಾರೆ, ಅಲ್ಲೇ ನೀರೂ ಕುಡಿದಿದ್ದಾರಂತೆ. ಜನವರಿ 16ಕ್ಕೆ ವಾಪಸ್. ಇದನ್ನು ಯಾರೂ ಕೇಳಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ತೀರ್ಥಹಳ್ಳಿ ಸಿಸ್ಟರ್ | ರಾತ್ರಿ 10:20

ನಮ್ಮ ಕಡೆ ಡಿಸೆಂಬರ್‌ನಿಂದ ಮೇವರೆಗೆ ಜ್ವರ ಅಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಪತ್ತೆಯಾದ ವೈರಸ್. ಉಣುಗು ಕಚ್ಚಿದರೆ ಬರುತ್ತದೆ. ದಿಢೀರ್ ಜ್ವರ, ತಲೆನೋವು, ಮೈಕೈ ಮುರಿತ, ಜೊತೆಗೆ ವಾಂತಿ ಬೇಧಿ. ಅದಕ್ಕೇ ಎಷ್ಟೋ ಜನ ಇದನ್ನು ಹೊಟ್ಟೆ ಕೆಟ್ಟ ಜ್ವರ ಅಂದುಕೊಳ್ಳುತ್ತಾರೆ.

ಇದರ ಇನ್ನೊಂದು ಗುಣ ಗೊತ್ತಿರಲಿ. ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದವರಿಗೂ ಕೆಲವೊಮ್ಮೆ ಮತ್ತೆ ಬರುತ್ತದೆ. ಎರಡನೇ ಸುತ್ತಿನಲ್ಲಿ ತಲೆನೋವು, ಕತ್ತು ಬಿಗಿಯುವುದು, ಕೈ ನಡುಗುವುದು, ಮಾತು ಗೊಂದಲ ಆಗುವುದು ಕಾಣಿಸಬಹುದು. ನಾನು ನೋಡಿಕೊಂಡ ಒಬ್ಬ ಅಜ್ಜ ಕೊಟ್ಟಿಗೆಗೆ ತರಗೆಲೆ ತರಲು ಕಾಡಿಗೆ ಹೋಗುತ್ತಿದ್ದರು. ಮೊದಲ ಜ್ವರ ಬಿಟ್ಟಿತು, ಮೊಮ್ಮಗಳ ಸ್ಕೂಲ್ ಡೇಗೂ ಹೋಗಿ ಬಂದರು. ಹತ್ತನೇ ದಿನಕ್ಕೆ ಮತ್ತೆ ಜ್ವರ. ಮನೆಯವರು ಅದೇ ಹಳೇ ಮಾತ್ರೆ ಕೊಟ್ಟು ಎರಡು ದಿನ ಕಾದರು. ಆ ಎರಡು ದಿನ ಕಾಯಬಾರದಿತ್ತು. ಅವರು ಉಳಿದರು. ಕೈ ನಡುಕ ಹೋಗಲು ತಿಂಗಳುಗಳೇ ಬೇಕಾದವು.

ಇದಕ್ಕೆ ಅಂತಲೇ ಔಷಧಿ ಇಲ್ಲ. ನೀರಿನಂಶ ಕಾಪಾಡಿ, ರಕ್ತಸ್ರಾವ ಆಗದಂತೆ ನೋಡಿಕೊಂಡೇ ಉಳಿಸುವುದು. ಪರೀಕ್ಷೆ ಶಿವಮೊಗ್ಗದ ವೈರಸ್ ಪ್ರಯೋಗಾಲಯದಲ್ಲಿ ಆಗುತ್ತದೆ. ಮಲೆನಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ, ಯಾವ ಊರಿನ ಡಾಕ್ಟರ್ ಆದರೂ ಸರಿ, ಇದನ್ನು ನೀವೇ ಬಾಯಿ ಬಿಟ್ಟು ಹೇಳಬೇಕು.

ತಾಲ್ಲೂಕು ಡಾಕ್ಟರ್ | ರಾತ್ರಿ 10:48

ಸಿಸ್ಟರ್ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ನಾನು ಜನರಲ್ ಮೆಡಿಸಿನ್ ಡಾಕ್ಟರ್. ರೋಗಿಯನ್ನು ಮುಟ್ಟಿ ನೋಡದೆ ಇದೇ ಕಾಯಿಲೆ ಅಂತ ಹೇಳಲಾರೆ. ಯೋಚನೆ ಮಾಡುವ ರೀತಿ ಹೇಳಬಲ್ಲೆ.

ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿದ 3ರಿಂದ 8 ದಿನದೊಳಗೆ ಶುರುವಾಗುತ್ತದೆ. ಇವರು ಕಾಡಿನಿಂದ ಬಂದು 20 ದಿನದ ಮೇಲೆ ಜ್ವರ ಬಂದಿದೆ. ಹಾಗಾಗಿ ಅದರ ಸಾಧ್ಯತೆ ಕಡಿಮೆ. ಹಳ್ಳದ ನೀರಿನಿಂದ ಇಲಿಜ್ವರ ಬರಬಹುದು. ಅದರಲ್ಲಿ ಮೀನಖಂಡ ಮುಟ್ಟಲಾರದಷ್ಟು ನೋಯುತ್ತದೆ, ಕಣ್ಣು ಕೆಂಪಾಗುತ್ತದೆ. ಪೊದೆಯ ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಇನ್ನೊಂದು. ಅದರಲ್ಲಿ ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಕೆಳಗೆ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇರಬಹುದು. ನೋವಿರುವುದಿಲ್ಲ, ಹಾಗಾಗಿ ರೋಗಿಗೇ ಗೊತ್ತಿರುವುದಿಲ್ಲ. ಈಗಲೇ ಬೆಳಕಿನಲ್ಲಿ ನೋಡಲು ಹೇಳಿ.

ಟೈಫಾಯ್ಡ್ ಕ್ರಿಮಿ ಒಳಗೆ ಹೋದ ಮೇಲೆ ಜ್ವರ ಬರಲು ಹೆಚ್ಚಾಗಿ ಒಂದರಿಂದ ಎರಡು ವಾರ ಬೇಕು, ಕೆಲವೊಮ್ಮೆ ಮೂರು ನಾಲ್ಕು ವಾರವೂ ಹಿಡಿಯುತ್ತದೆ. ಹಳ್ಳದ ನೀರೂ ಆಗಿರಬಹುದು, ಪಿಜಿ ಅಡುಗೆಮನೆಯೂ ಆಗಿರಬಹುದು.

ಜ್ವರದ ಲೆಕ್ಕ ಬರೆದಿಲ್ಲ ಅಂದಿರಿ. ಫೋನ್‌ನಲ್ಲಿ ಏನಾದರೂ ಗುರುತು ಇದೆಯಾ ಹುಡುಕಿ. ಆ ಲೆಕ್ಕ ನನಗೆ ವಿಡಾಲ್‌ಗಿಂತ ಜಾಸ್ತಿ ಹೇಳುತ್ತದೆ.

ದಾವಣಗೆರೆ ಅಕ್ಕ | ರಾತ್ರಿ 11:30

ಸರ್, ಸಿಕ್ಕಿತು. ತಮ್ಮ ದಿನಾ ಸಂಜೆ ಥರ್ಮಾಮೀಟರ್ ಫೋಟೋ ತೆಗೆದು ಅಮ್ಮನ ವಾಟ್ಸಾಪ್‌ಗೆ ಕಳಿಸಿದ್ದಾನೆ. ಎಲ್ಲವನ್ನೂ ಕ್ಯಾಲೆಂಡರ್ ಹಿಂದೆ ಬರೆದೆವು.

5ನೇ ತಾರೀಕು 99.8. 6ಕ್ಕೆ 100.4. 7ಕ್ಕೆ 101. 8ಕ್ಕೆ 101.6. 9ಕ್ಕೆ 102.2. 10ಕ್ಕೆ 103. 11ಕ್ಕೆ 102.8. 12ಕ್ಕೆ 103. ಇವತ್ತು 103.2. ಬೆಳಗಿನ ಫೋಟೋ ಎರಡೇ ಇವೆ, 100 ಮತ್ತು 100.6.

ಕಪ್ಪು ಹಕ್ಕಳೆ ಎಲ್ಲೂ ಇಲ್ಲ. ಮೀನಖಂಡ ನೋವಿಲ್ಲ. ನಾಲಿಗೆ ನಡುವೆ ದಪ್ಪ ಬಿಳಿ ಪದರ ಇದೆ, ತುದಿ ಮಾತ್ರ ಕೆಂಪು.

ತಾಲ್ಲೂಕು ಡಾಕ್ಟರ್ | ರಾತ್ರಿ 11:46

ನೋಡಿ, ಏಣಿ ಮೆಟ್ಟಿಲಿನ ಹಾಗೆ ಏರಿದೆ. ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿ, ವಾರಕ್ಕೆ ಮೇಲೆ ಹೋಗಿ ಅಲ್ಲೇ ನಿಂತಿದೆ. ಮಲೇರಿಯಾ ಹೀಗೆ ಏರುವುದು ಕಡಿಮೆ. ಡೆಂಗ್ಯೂನಲ್ಲಿ ಮೊದಲ ದಿನವೇ 103 ಬಂದುಬಿಡುತ್ತದೆ. ನಾಲಿಗೆ, ಈಸಿನೋಫಿಲ್, ಈ ಏಣಿ, ಮೂರೂ ಸೇರಿದರೆ ನನ್ನ ಮನಸ್ಸಿನಲ್ಲಿ ಟೈಫಾಯ್ಡ್ ಮೊದಲಿಗೆ ನಿಲ್ಲುತ್ತದೆ.

ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬ್ಲಡ್ ಕಲ್ಚರ್, ಮಲೇರಿಯಾ ಪರೀಕ್ಷೆ, ಲಿವರ್ ಮತ್ತು ಕಿಡ್ನಿ ಪರೀಕ್ಷೆ, ಹೊಟ್ಟೆ ಸ್ಕ್ಯಾನ್ ಕೇಳಬಹುದು. ಕ್ಯಾಲೆಂಡರ್ ಹಾಳೆ ಜೊತೆಗಿರಲಿ. ನುಂಗಿದ ಮಾತ್ರೆಯ ಪಟ್ಟಿಯನ್ನೂ ಒಯ್ಯಿರಿ.

ರಾತ್ರಿಯೇ ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ, ತಡೆಯಲಾಗದ ನೋವು ಬಂದರೆ, ಮಲ ಟಾರಿನಂತೆ ಕಪ್ಪಾದರೆ ಅಥವಾ ರಕ್ತ ಬಂದರೆ, ಕರೆದರೆ ಸರಿಯಾಗಿ ಉತ್ತರ ಕೊಡದೆ ಮಂಕಾದರೆ, ಏಳೆಂಟು ಗಂಟೆ ಮೂತ್ರವೇ ಆಗದಿದ್ದರೆ, ಬೆಳಗಾಗುವುದಕ್ಕೆ ಕಾಯಬೇಡಿ. ಟೈಫಾಯ್ಡ್‌ನಲ್ಲಿ ಕರುಳು ತೂತಾಗುವ ಅಪಾಯ ಎರಡನೇ ವಾರದ ಕೊನೆ ಮತ್ತು ಮೂರನೇ ವಾರದಲ್ಲಿ ಜಾಸ್ತಿ. ನೀವು ಅದರ ಹೊಸ್ತಿಲಲ್ಲಿದ್ದೀರಿ. ಹೆದರಿಸಲು ಹೇಳುತ್ತಿಲ್ಲ, ತಡ ಮಾಡಬಾರದು ಅಂತ ಹೇಳುತ್ತಿದ್ದೇನೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಬೇಡ. ಬೇಧಿ ನಿಲ್ಲಿಸುವ ಲೋಪರಮೈಡ್ ಮಾತ್ರೆಯೂ ಬೇಡ. ಜ್ವರ ಇರುವ ಬೇಧಿಯಲ್ಲಿ ಕರುಳನ್ನು ಕಟ್ಟಿಹಾಕಬಾರದು.

ಮೂಲೆ ಮೆಡಿಕಲ್ | ಫೆಬ್ರವರಿ 14, ಬೆಳಿಗ್ಗೆ 6:50

ನಾನು ಫಾರ್ಮಸಿಸ್ಟ್. ಚೀಟಿ ಇಲ್ಲದೆ ಆ ಜೋಡಿ ಮಾತ್ರೆ ಕೊಟ್ಟದ್ದು ತಪ್ಪು. ನಮ್ಮ ಕೌಂಟರ್‌ನಲ್ಲೂ ದಿನಕ್ಕೆ ಹತ್ತು ಜನ ಅದನ್ನೇ ಕೇಳುತ್ತಾರೆ. ಇಲ್ಲ ಅಂದರೆ ಕೋಪ ಮಾಡಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಸಾದಾ ನೀರುಬೇಧಿಗೆ ಹೆಚ್ಚಿನವರಿಗೆ ಆಂಟಿಬಯೋಟಿಕ್ಕೇ ಬೇಡ. ಜ್ವರ ಇದ್ದರೆ ಡಾಕ್ಟರ್ ನೋಡಬೇಕು.

ನಾನು ಬರೆಯಲು ಬಂದದ್ದು ಓಆರ್‌ಎಸ್ ಬಗ್ಗೆ. ಅಕ್ಕ ಅದರ ಹೆಸರೇ ಎತ್ತಿಲ್ಲ. ಗ್ಲೂಕೋಸ್ ಏರಿಸಿದರು ಅಂದರೆ ಸಾಕು ಅಂದುಕೊಳ್ಳುತ್ತಾರೆ. ಕುಡಿಯಲು ಆಗುವವರಿಗೆ ಬಾಯಿಂದ ಕೊಡುವ ಓಆರ್‌ಎಸ್ ಅದಕ್ಕಿಂತ ಏನೂ ಕಡಿಮೆಯಲ್ಲ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಸಲೈನ್ ಬಾಟಲಿ ಮುಗಿದುಹೋಯಿತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಲೋಟದಲ್ಲಿ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಬಂತು. ಕೌಂಟರ್‌ನಲ್ಲಿ ಓಆರ್‌ಎಸ್ ಕೊಡುವಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಒಟ್ಟಿಗೇ ಹಾಕಬೇಕು. ದಿನಾ ನೋಡುತ್ತೇನೆ, ಒಂದು ಲೋಟಕ್ಕೆ ಎರಡು ಚಮಚ ಅಂತ ಅಂದಾಜಿಗೆ ಹಾಕುತ್ತಾರೆ. ಗಟ್ಟಿಯಾದರೆ ಬೇಧಿ ಇನ್ನೂ ಹೆಚ್ಚುತ್ತದೆ. ಬೆರೆಸಿದ್ದು 24 ಗಂಟೆಯಲ್ಲಿ ಮುಗಿಯಬೇಕು. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಬೇಡ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅಂಥವುಗಳ ಮೇಲೆ ಓಆರ್‌ಎಸ್ ಅನ್ನುವ ಹೆಸರು ಹಾಕಬಾರದು ಅಂತ ಹೇಳಿತು. ಹೈದರಾಬಾದ್‌ನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು.

ಕರಾವಳಿ ಮನೆ | ಬೆಳಿಗ್ಗೆ 8:05

ಮಲೇರಿಯಾ ಪರೀಕ್ಷೆಯನ್ನು ಬಿಡಬೇಡಿ. ಮಂಗಳೂರಿನಲ್ಲಿ ನನ್ನ ಮಗನಿಗೆ ಒಂದು ದಿನ ಬಿಟ್ಟು ಒಂದು ದಿನ ನಡುಕ, ಜ್ವರ, ಜೊತೆಗೆ ಬೇಧಿ. ಫುಡ್ ಪಾಯ್ಸನ್ ಅಂದುಕೊಂಡು ಐದು ದಿನ ಕಳೆದೆವು. ವೈವ್ಯಾಕ್ಸ್ ಮಲೇರಿಯಾ ಇತ್ತು. ಜ್ವರ ಬಿಟ್ಟ ಮೇಲೆ 14 ದಿನದ ಪ್ರೈಮಾಕ್ವಿನ್ ಮಾತ್ರೆಯನ್ನು ಅವನು ಐದೇ ದಿನಕ್ಕೆ ನಿಲ್ಲಿಸಿದ. ಎರಡು ತಿಂಗಳಿಗೆ ಮತ್ತೆ ಅದೇ ಚಳಿಜ್ವರ. ಆ ಪರಾವಲಂಬಿ ಲಿವರ್‌ನಲ್ಲಿ ಮಲಗಿರುತ್ತದಂತೆ, ಆ ಮಾತ್ರೆ ಮುಗಿಸದಿದ್ದರೆ ಮತ್ತೆ ಏಳುತ್ತದೆ. ಅದನ್ನು ಕೊಡುವ ಮೊದಲು ಜಿ6ಪಿಡಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿದರು.

ದಾವಣಗೆರೆ ಅಕ್ಕ | ಫೆಬ್ರವರಿ 14, ರಾತ್ರಿ 9:10

ಅಡ್ಮಿಟ್ ಮಾಡಿದ್ದೇವೆ. ಮೊದಲು ಎರಡು ಬಾಟಲಿ ರಕ್ತ ಕಲ್ಚರ್‌ಗೆ ತೆಗೆದುಕೊಂಡರು. ಆಮೇಲೇ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದರು. ಮಲೇರಿಯಾ ನೆಗೆಟಿವ್. ಸ್ಕ್ಯಾನ್‌ನಲ್ಲಿ ಗುಲ್ಮ (ಸ್ಪ್ಲೀನ್) ಸ್ವಲ್ಪ ದೊಡ್ಡದಾಗಿದೆ, ಸಣ್ಣ ಕರುಳಿನ ಕೊನೆಯಲ್ಲಿ ಊತ ಇದೆ. ಡಾಕ್ಟರ್ ಕ್ಯಾಲೆಂಡರ್ ಹಾಳೆ ಕೈಗೆ ತಗೊಂಡು ಎರಡು ನಿಮಿಷ ನೋಡಿದರು. ಇದನ್ನು ಯಾರು ಬರೆಯಲು ಹೇಳಿದ್ದು ಅಂತ ಕೇಳಿದರು. ಲ್ಯಾಬ್ ಸರ್, ಡಾಕ್ಟರ್ ಸರ್, ನಿಮ್ಮನ್ನು ನೆನೆದೆ.

ಆರು ತಿಂಗಳ ಮಾತ್ರೆ | ಫೆಬ್ರವರಿ 15, ಮಧ್ಯಾಹ್ನ 1:30

ಸಣ್ಣ ಕರುಳಿನ ಕೊನೆಯಲ್ಲಿ ಊತ ಅಂತ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ನಿಮ್ಮ ತಮ್ಮನದು 9 ದಿನದ ಕಥೆ, ನನ್ನದು ಏಳು ತಿಂಗಳದ್ದು. ಬೇರೆ ಯಾರಾದರೂ ಇದನ್ನು ಹುಡುಕಿಕೊಂಡು ಬಂದರೆ ಅವರಿಗೆ ಸಿಗಲಿ.

2019ರಲ್ಲಿ ನನಗೆ ದಿನಾ ಸಂಜೆ 99.5, 100 ಅಷ್ಟೇ. ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು. ಒಂದು ವಾರ ಬೇಧಿ, ಒಂದು ವಾರ ಮಲಬದ್ಧತೆ. ಊಟ ಮಾಡಿದ ಮೇಲೆ ಹೊಟ್ಟೆಯ ಬಲಗಡೆ ಕೆಳಗೆ ನೋವು. 58 ಕೆ.ಜಿ. ಇದ್ದವಳು 44ಕ್ಕೆ ಇಳಿದೆ. ಕೆಮ್ಮು ಒಂದು ದಿನವೂ ಇರಲಿಲ್ಲ. ಗ್ಯಾಸ್ಟ್ರಿಕ್ ಅಂದರು, ಟೆನ್ಷನ್ ಅಂದರು, ಐಬಿಎಸ್ ಅನ್ನುವ ಕರುಳಿನ ಕಿರಿಕಿರಿ ಅಂದರು. ಅಷ್ಟು ಸಣ್ಣ ಜ್ವರ ಅಂತ ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ, ನಾನೂ ಹೇಳುವುದನ್ನು ಬಿಟ್ಟೆ. ಕೊನೆಗೆ ಕೊಲೊನೋಸ್ಕೋಪಿ ಮಾಡಿ ತುಣುಕು ತೆಗೆದು ನೋಡಿದರು. ಕರುಳಿನ ಕ್ಷಯ.

ಕ್ಷಯ ಅಂದರೆ ಶ್ವಾಸಕೋಶ ಅಂತಲೇ ನಾವು ತಿಳಿದಿರುತ್ತೇವೆ. ಕರುಳಿಗೂ ಬರುತ್ತದೆ. ಕ್ರೋನ್ಸ್ ಅನ್ನುವ ಇನ್ನೊಂದು ಕರುಳಿನ ಕಾಯಿಲೆಯೂ ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಆದರೆ ಅದಕ್ಕೆ ಕೊಡುವ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ, ಕ್ಷಯ ಇದ್ದವರಿಗೆ ಕೊಟ್ಟರೆ ಕ್ಷಯ ಹರಡುತ್ತದೆ. ಅದಕ್ಕೇ ತುಣುಕು ಪರೀಕ್ಷೆ ಮುಖ್ಯ.

ಆರು ತಿಂಗಳು ಮಾತ್ರೆ, ಸರ್ಕಾರದಿಂದ ಉಚಿತ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹೆದರಿ ಅತ್ತಿದ್ದೆ. ಅದು ರಿಫಾಂಪಿಸಿನ್ ಅನ್ನುವ ಕ್ಷಯದ ಮಾತ್ರೆಯ ಬಣ್ಣ ಅಷ್ಟೇ. ಆಗ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಈಗ 57 ಕೆ.ಜಿ. ಇದ್ದೇನೆ. ಎರಡು ವಾರ ದಾಟಿದ ಸಣ್ಣ ಜ್ವರವನ್ನೂ ದಯವಿಟ್ಟು ಹೇಳಿ. ಹೇಳುತ್ತಲೇ ಇರಿ.

ಪುಟ್ಟಿ ಅಮ್ಮ | ಫೆಬ್ರವರಿ 15, ಸಂಜೆ 6:15

ನನ್ನ ಎರಡು ವರ್ಷದ ಮಗಳಿಗೂ ಮೂರು ದಿನದಿಂದ ಬೇಧಿ, ಜ್ವರ ಬಂದು ಹೋಗಿ ಮಾಡುತ್ತಿದೆ. ಇಲ್ಲೇ ಕೇಳಬಹುದಾ?

ತಾಲ್ಲೂಕು ಡಾಕ್ಟರ್ | ಸಂಜೆ 6:40

ಕೇಳಿ ಅಮ್ಮ. ಮಕ್ಕಳ ವಿಷಯದಲ್ಲಿ ನಾಳೆ ನೋಡೋಣ ಅನ್ನಬೇಡಿ, ಇವತ್ತೇ ತೋರಿಸಿ. ಈ ವಯಸ್ಸಿನಲ್ಲಿ ಹೆಚ್ಚಾಗಿ ವೈರಸ್ ಬೇಧಿಯೇ ಇರುತ್ತದೆ. ಆದರೆ ಮೂತ್ರದ ಸೋಂಕು, ಕಿವಿ ಸೋಂಕು ಇದ್ದರೂ ಚಿಕ್ಕ ಮಕ್ಕಳು ಬೇಧಿ ಮಾಡುತ್ತಾರೆ, ಜ್ವರ ಬಂದು ಹೋಗುತ್ತದೆ. ಮೂತ್ರ ಪರೀಕ್ಷೆ ಕೇಳಿ. ಪ್ರತಿ ಬೇಧಿಗೂ ಓಆರ್‌ಎಸ್, ಚಮಚದಲ್ಲಿ ನಿಧಾನವಾಗಿ. ಜಿಂಕ್ 20 ಮಿ.ಗ್ರಾಂ ದಿನಕ್ಕೆ ಒಂದು ಸಲ, ಬೇಧಿ ನಿಂತರೂ 14 ದಿನ. ಎದೆಹಾಲು ಕುಡಿಯುತ್ತಿದ್ದರೆ ಬಿಡಿಸಬೇಡಿ. ಕಣ್ಣು ಗುಳಿ ಬಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಮಂಕಾಗಿ ಮಲಗೇ ಇದ್ದರೆ, ಮಲದಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆಗೆ.

ದಾವಣಗೆರೆ ಅಕ್ಕ | ಫೆಬ್ರವರಿ 16, ರಾತ್ರಿ 10:05

ಸರ್, ಇಂಜೆಕ್ಷನ್ ಶುರುವಾಗಿ ಎರಡು ದಿನ ಆಯಿತು. ಇವತ್ತೂ ಸಂಜೆ 103. ಅಮ್ಮ ಅಳುತ್ತಿದ್ದಾರೆ. ಬೇರೆ ದೊಡ್ಡ ಆಸ್ಪತ್ರೆಗೆ ಹೋಗೋಣ, ಔಷಧಿ ಬದಲಾಯಿಸಲಿ ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ. ಏನು ಮಾಡಲಿ?

ತಾಲ್ಲೂಕು ಡಾಕ್ಟರ್ | ರಾತ್ರಿ 10:31

ತಾಯಿಗೆ ಈ ಮಾತು ಓದಿ ಹೇಳಿ. ಟೈಫಾಯ್ಡ್‌ನಲ್ಲಿ ಸರಿಯಾದ ಔಷಧಿ ಕೊಟ್ಟರೂ ಜ್ವರ ಮರುದಿನ ಇಳಿಯುವುದಿಲ್ಲ. ನಾಲ್ಕರಿಂದ ಆರು ದಿನ ಬೇಕು. ಕ್ರಿಮಿ ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂತಿರುತ್ತದೆ. ಔಷಧಿ ಅಲ್ಲಿಗೆ ತಲುಪಿ ಕೆಲಸ ಮಾಡಲು ಸಮಯ ಬೇಕು. ಎರಡನೇ ದಿನದ 103 ನೋಡಿ ಔಷಧಿ ಬದಲಾಯಿಸುವುದು, ಆಸ್ಪತ್ರೆ ಬದಲಾಯಿಸುವುದು ನಮ್ಮಲ್ಲಿ ತುಂಬಾ ನಡೆಯುತ್ತದೆ. ಹಾಗೆ ಮಾಡಿದರೆ ಯಾವ ಔಷಧಿ ಕೆಲಸ ಮಾಡಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಕೇಳುವುದು ಬೇರೆ. ಹುಡುಗ ನೀರು ಕುಡಿಯುತ್ತಿದ್ದಾನಾ? ಮೂತ್ರ ಚೆನ್ನಾಗಿ ಆಗುತ್ತಿದೆಯಾ? ಹೊಟ್ಟೆ ಮೆತ್ತಗಿದೆಯಾ? ನಿಮ್ಮ ಜೊತೆ ಸರಿಯಾಗಿ ಮಾತಾಡುತ್ತಾನಾ? ಜ್ವರ ಇಳಿದಾಗ ಕಣ್ಣಲ್ಲಿ ಸ್ವಲ್ಪ ಕಳೆ ಬಂದಿದೆಯಾ?

ದಾವಣಗೆರೆ ಅಕ್ಕ | ರಾತ್ರಿ 10:40

ಎಲ್ಲಕ್ಕೂ ಹೌದು ಸರ್. ಇವತ್ತು ಬೆಳಿಗ್ಗೆ ಹಸಿವು ಅಂದ.

ತಾಲ್ಲೂಕು ಡಾಕ್ಟರ್ | ರಾತ್ರಿ 10:44

ಹಸಿವು ಅಂದನಾ! ಅದು ಒಳ್ಳೆಯ ಲಕ್ಷಣ. ಹಾಗಾದರೆ ಅಲ್ಲೇ ಇರಿ. ಕಲ್ಚರ್ ವರದಿ ಬರಲಿ. ಮೆತ್ತಗೆ ಬೇಯಿಸಿದ ಅನ್ನ, ತೆಳು ಬೇಳೆ, ಇಡ್ಲಿ, ಮೊಸರನ್ನ, ಬಾಳೆಹಣ್ಣು, ರಾಗಿ ಅಂಬಲಿ, ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಮೊಟ್ಟೆ. ಸ್ವಲ್ಪ ಸ್ವಲ್ಪ, ಆರೇಳು ಸಲ. ಬರೀ ಗಂಜಿ ತಿಳಿಯಲ್ಲಿ ಹುಣ್ಣು ಮಾಯುವ ಶಕ್ತಿ ಎಲ್ಲಿಂದ ಬರಬೇಕು? ಖಾರ, ಕರಿದದ್ದು ಮಾತ್ರ ಈಗ ಬೇಡ.

ದಾವಣಗೆರೆ ಅಕ್ಕ | ಫೆಬ್ರವರಿ 17, ಸಂಜೆ 7:20

ವರದಿ ಬಂತು. ಸಾಲ್ಮೊನೆಲ್ಲಾ ಟೈಫಿ, ಅಂದರೆ ಟೈಫಾಯ್ಡ್ ಕ್ರಿಮಿಯೇ. ಸಿಪ್ರೋಫ್ಲಾಕ್ಸಾಸಿನ್ ಮುಂದೆ 'ಆರ್', ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೋಮೈಸಿನ್ ಮುಂದೆ 'ಎಸ್'. ಮೆಡಿಕಲ್‌ನಿಂದ ತಂದು ನುಂಗಿದ ಮಾತ್ರೆ ಯಾಕೆ ನಾಟಲಿಲ್ಲ ಅಂತ ಈಗ ಅರ್ಥವಾಯಿತು.

ಲ್ಯಾಬ್ ಕೆಲಸದವ | ಸಂಜೆ 7:35

ಸಮಾಧಾನವಾಯಿತು ಮೇಡಂ. 'ಆರ್' ಅಂದರೆ ಆ ಔಷಧಿಗೆ ಕ್ರಿಮಿ ಬಗ್ಗುವುದಿಲ್ಲ, 'ಎಸ್' ಅಂದರೆ ಬಗ್ಗುತ್ತದೆ. ನಮ್ಮ ದೇಶದ ಟೈಫಾಯ್ಡ್ ಕ್ರಿಮಿಗಳಲ್ಲಿ ಸಿಪ್ರೋಗೆ 'ಆರ್' ಬರುವುದೇ ಈಗ ಹೆಚ್ಚು. ಈ ಒಂದು ಅಕ್ಷರ ವಿಡಾಲ್‌ನಲ್ಲಿ ಎಂದೂ ಸಿಗುತ್ತಿರಲಿಲ್ಲ. ವರದಿಯನ್ನು ಜೋಪಾನವಾಗಿ ಇಡಿ, ಮತ್ತೆ ಜ್ವರ ಬಂದರೆ ಬೇಕಾಗುತ್ತದೆ.

ತಾಲ್ಲೂಕು ಡಾಕ್ಟರ್ | ಸಂಜೆ 7:58

2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹರಡಿತು. ಅಲ್ಲಿ ಬಾಯಿಂದ ಕೊಡಲು ಅಜಿತ್ರೋಮೈಸಿನ್ ಒಂದೇ ಉಳಿಯಿತು. ಇಲ್ಲಿ ಹಾಗಾಗಬಾರದು ಅಂತಲೇ ನಾನು ಆಂಟಿಬಯೋಟಿಕ್ ಪ್ರಮಾಣವನ್ನು ಇಲ್ಲಿ ಬರೆಯುತ್ತಿಲ್ಲ. ಯಾರಾದರೂ ಇದನ್ನು ನೋಡಿ ಅಂಗಡಿಗೆ ಹೋಗುವುದು ನನಗೆ ಬೇಡ.

ದಾವಣಗೆರೆ ಅಕ್ಕ | ಫೆಬ್ರವರಿ 19, ರಾತ್ರಿ 8:30

ಇವತ್ತು ಸಂಜೆ 99.2. ಐದನೇ ದಿನ. ಹಾಳೆಯಲ್ಲಿ ಈಗ ಏಣಿ ಇಳಿಯುತ್ತಿದೆ: 103, 102.4, 101, 99.2. ಎರಡು ಇಡ್ಲಿ ತಿಂದು ಮೂರನೆಯದು ಕೇಳಿದ.

ಇನ್ನೊಂದು ವಿಷಯ. ಅವನ ಪಿಜಿಯ ಇಬ್ಬರಿಗೆ ಇದೇ ಥರ ಜ್ವರ ಅಂತ ಇವತ್ತು ಗೊತ್ತಾಯಿತು. ಅವರು ಆಗುಂಬೆಗೆ ಹೋಗಿರಲಿಲ್ಲ.

ತೀರ್ಥಹಳ್ಳಿ ಸಿಸ್ಟರ್ | ರಾತ್ರಿ 8:55

ಅಯ್ಯೋ, ಹಾಗಾದರೆ ಹಳ್ಳ ಅಲ್ಲ, ಪಿಜಿಯದೇ ಇರಬಹುದು. ಆ ಇಬ್ಬರಿಗೂ ಈಗಲೇ ಫೋನ್ ಮಾಡಿ, ಮಾತ್ರೆ ನುಂಗುವ ಮೊದಲು ಕಲ್ಚರ್ ಕೊಡಲು ಹೇಳಿ. ಅಲ್ಲಿನ ಆರೋಗ್ಯ ಇಲಾಖೆಗೂ ತಿಳಿಸಬೇಕು. ಟೈಫಾಯ್ಡ್ ಅವರು ಲೆಕ್ಕ ಇಡುವ ಕಾಯಿಲೆ, ನೀರಿನ ಮಾದರಿ ತಗೊಂಡು ಹೋಗುತ್ತಾರೆ. ಸಂಪ್ ಪಕ್ಕ ಒಳಚರಂಡಿ ಪೈಪ್ ಹೋಗಿದೆಯಾ ನೋಡಲಿ. ಅಡುಗೆಯವರ ಮಲ ಪರೀಕ್ಷೆಯೂ ಆಗಬೇಕು. ಕೆಲವರಿಗೆ ಜ್ವರ ವಾಸಿಯಾದ ಮೇಲೂ ಪಿತ್ತಕೋಶದಲ್ಲಿ ಕ್ರಿಮಿ ಉಳಿದು ವರ್ಷಗಟ್ಟಲೆ ಮಲದಲ್ಲಿ ಹೋಗುತ್ತಿರುತ್ತದೆ. ಅವರಿಗೆ ಏನೂ ತೊಂದರೆ ಇರುವುದಿಲ್ಲ, ಪಾಪ, ಗೊತ್ತೂ ಇರುವುದಿಲ್ಲ. ಅವರ ಮೇಲೆ ರೇಗಾಡಬೇಡಿ, ಅದಕ್ಕೂ ಚಿಕಿತ್ಸೆ ಇದೆ.

ದಾವಣಗೆರೆ ಅಕ್ಕ | ಮಾರ್ಚ್ 12, ರಾತ್ರಿ 9:00

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹೇಳಿದಷ್ಟು ದಿನವೂ ಔಷಧಿ ಮುಗಿಸಿದ. ಪಿಜಿಯ ಇಬ್ಬರಲ್ಲಿ ಒಬ್ಬನಿಗೆ ಕಲ್ಚರ್‌ನಲ್ಲಿ ಅದೇ ಕ್ರಿಮಿ ಸಿಕ್ಕಿತು. ಆರೋಗ್ಯ ಇಲಾಖೆಯವರು ಬಂದು ನೀರು ತಗೊಂಡು ಹೋದರು. ಸಂಪ್ ಗೋಡೆ ಬಿರುಕು ಬಿಟ್ಟಿತ್ತಂತೆ. ಈಗ ಖಾಲಿ ಮಾಡಿಸಿ ರಿಪೇರಿ ನಡೆದಿದೆ.

ಮೊನ್ನೆ ಸಂಜೆ ಇವನಿಗೆ ಮೈ ಸ್ವಲ್ಪ ಬಿಸಿ, 99.6. ನನ್ನ ಎದೆ ಒಡೆದೇ ಹೋಯಿತು. ಔಷಧಿ ಮುಗಿದ ಎರಡು ಮೂರು ವಾರಕ್ಕೆ ಟೈಫಾಯ್ಡ್ ಮರುಕಳಿಸಬಹುದು ಅಂತ ಡಿಸ್ಚಾರ್ಜ್ ದಿನವೇ ಹೇಳಿದ್ದರು. ಮಾತ್ರೆ ಏನೂ ಕೊಡದೆ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟೆವು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಮರುದಿನ ಮೂಗು ಸೋರಿತು, ಶೀತ ಅಷ್ಟೇ.

ಕೊನೆಯದಾಗಿ ಒಂದು ಕೇಳಬೇಕು. ತಮ್ಮನಿಗೆ ಈಗ ಲಸಿಕೆ ಹಾಕಿಸಬಹುದಾ? ನನ್ನ ಮಗಳಿಗೆ 5 ವರ್ಷ, ಅವಳಿಗೂ?

ತಾಲ್ಲೂಕು ಡಾಕ್ಟರ್ | ರಾತ್ರಿ 9:25

ತಮ್ಮನಿಗೆ ಪೂರ್ತಿ ವಾಸಿಯಾಗಿ 4ರಿಂದ 6 ವಾರ ಕಳೆಯಲಿ, ಆಮೇಲೆ. ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಅನ್ನುವುದು ಟೈಫಾಯ್ಡ್‌ನಲ್ಲಿ ನಿಜವಲ್ಲ. ಮಗಳಿಗೆ ಈಗಲೇ ಹಾಕಿಸಬಹುದು. ಟಿಸಿವಿ ಅನ್ನುವ ಲಸಿಕೆ, ಒಂದೇ ಡೋಸ್. 6 ತಿಂಗಳ ಮಗುವಿನಿಂದ ಕೊಡುತ್ತಾರೆ. ಹೈದರಾಬಾದ್‌ನಲ್ಲಿ ತಯಾರಾದ ಈ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ಇದೆ. ಲಸಿಕೆ ಹಾಕಿಸಿದರೂ ಕುದಿಸಿ ಆರಿಸಿದ ನೀರು ಬಿಡಬೇಡಿ.

ದಾವಣಗೆರೆ ಅಕ್ಕ | ರಾತ್ರಿ 9:31

ಶನಿವಾರ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಸರ್. ತಮ್ಮನಿಗೆ ಏಪ್ರಿಲ್ ಕೊನೆ ವಾರ ಅಂತ ಅದೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ.